ಒಣಗಿದ ಕಾಡಲ್ಲಿ ಹುಳ ಹುಡುಕ್ತಾ ಮೂರು ದಿನ, ದೇವರಾಯನದುರ್ಗದ ಸುತ್ತ

ಶುಕ್ರವಾರ, ಮಾರ್ಚ್ 29, 2024

ಗುಡ್ ಫ್ರೈಡೇ ರಜೆ ಸೇರಿ ಮೂರು ದಿನ ಒಟ್ಟಿಗೆ ಸಿಕ್ತು. ಅಕ್ಕನ ಮಗ ಪುಟ್ಟನ್ನ ಕರ್ಕೊಂಡು ಬೆಳಗ್ಗೆನೇ ಮೆಜೆಸ್ಟಿಕ್‌ನಲ್ಲಿ ತುಮಕೂರು ಬಸ್ ಹತ್ತಿದೆ. ಅವನಿಗೆ ಒಂಬತ್ತು ವರ್ಷ, ಪರೀಕ್ಷೆ ಮುಗ್ದಿತ್ತು. ಊರ್ಡಿಗೆರೆ ಹತ್ರ ನಮ್ ಸೋದರಮಾವನ ತೋಟದ ಮನೆ, ಅಲ್ಲಿಂದ ನಾಮದ ಚಿಲುಮೆ, ದೇವರಾಯನದುರ್ಗ ಎಲ್ಲಾ ಹತ್ರ ಹತ್ರನೇ. ಹಿಂದಿನ ದಿನ ಫೋನ್ ಮಾಡಿ ಹುಳ ನೋಡೋಕೆ ಬರ್ತಾ ಇದೀವಿ ಮಾವ ಅಂದಾಗ ಅವರು, "ಈಗೇನಿದೆ ಅಂತ ಬರ್ತೀಯಮ್ಮಾ, ಕಾಡೆಲ್ಲಾ ಒಣಗಿ ಕಡ್ಡಿ ಆಗಿ ನಿಂತದೆ, ಮುಂಗಾರು ಬೀಳ್ಲಿ, ಆವಾಗ ಬಂದ್ರೆ ಹುಳ ಹುಪ್ಪಟೆ ಎಲ್ಲಾ ತಾವೇ ಮನೆಗೆ ಬರ್ತವೆ" ಅಂದಿದ್ರು. ಅವರು ಹೇಳಿದ್ದು ಸುಳ್ಳಲ್ಲ, ಹೋದ ವರ್ಷ ಮಳೆ ಪೂರ್ತಿ ಕೈ ಕೊಟ್ಟಿತ್ತು, ರಾಜ್ಯದ 236 ತಾಲ್ಲೂಕಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರನೇ ಘೋಷಣೆ ಮಾಡಿತ್ತು, ಬೆಂಗಳೂರಲ್ಲಿ ನಮ್ ಬೀದಿಗೇ ಎರಡು ದಿನಕ್ಕೊಂದ್ಸಲ ಟ್ಯಾಂಕರ್ ಬರ್ತಿತ್ತು. ಆದ್ರೂ ಯುಗಾದಿಗೆ ಇನ್ನು ಹನ್ನೊಂದು ದಿನ ಅನ್ನೋ ಈ ಟೈಮಲ್ಲಿ ಕಾಡು ಹೇಗಿರತ್ತೆ, ಅಷ್ಟೊಂದು ಹುಳುಗಳು ಈ ಬಿಸಿಲಲ್ಲಿ ಎಲ್ಲಿಗೆ ಹೋಗಿರ್ತವೆ ಅಂತ ನಂಗೆ ನೋಡ್ಲೇಬೇಕಿತ್ತು.

ಮಧ್ಯಾಹ್ನ ಊಟಕ್ಕೆ ಮುದ್ದೆ, ಹುರುಳಿ ಕಾಳಿನ ಸಾರು. ಅತ್ತೆ ಹೊರಗೆ ಹೋಗೋಕೆ ಬಿಡ್ಲೇ ಇಲ್ಲ, "ಈ ಬಿಸಿಲಿಗೆ ಮಗೂನ ಕರ್ಕೊಂಡ್ ಹೋಗ್ತೀಯಾ, ಸುಮ್ನೆ ಮಲ್ಗು" ಅಂತ. ನಾಲ್ಕೂವರೆಗೆ ಹೊರಟ್ವಿ.

ದೂರ ಏನೂ ಹೋಗ್ಲಿಲ್ಲ. ಮನೆ ಹಿಂದೆ ಬದು, ಬದು ಆಚೆ ರಾಗಿ ಕೊಯ್ದು ಬಿಟ್ಟಿರೋ ಹೊಲ, ಹೊಲದ ಮೂಲೇಲಿ ಒಂದು ಎಕ್ಕದ ಗಿಡ. ಸುತ್ತ ಹುಲ್ಲೆಲ್ಲಾ ಸುಟ್ಟು ಕಂದು ಬಣ್ಣ, ಇದೊಂದು ಮಾತ್ರ ಹಸಿರಾಗಿ, ದಪ್ಪ ಎಲೆ ಬಿಟ್ಕೊಂಡು, ನೀಲಿ ನೇರಳೆ ಹೂ ಬಿಟ್ಕೊಂಡು ನಿಂತಿತ್ತು. ದನ ಕುರಿ ಯಾವುದೂ ಇದನ್ನ ಮುಟ್ಟಲ್ಲ, ಹಾಲು ವಿಷ. ಆದ್ರೆ ಹುಳುಗಳಿಗೆ ಇದೇ ಛತ್ರ ಇದ್ದಂಗೆ. ಮುಕ್ಕಾಲು ಗಂಟೆ ಆ ಒಂದೇ ಗಿಡದ ಮುಂದೆ ಕೂತಿದ್ವಿ ನಾವು.

ಚಿಗುರಿನ ಕಡ್ಡಿ ತುಂಬಾ ಹಳದಿ ಹೇನು, ಅರಿಶಿನ ಪುಡಿ ಚಿಮುಕಿಸಿದಂಗೆ. ಅವುಗಳ ನಡುವೆ ಇರುವೆ ಓಡಾಡ್ತಿದ್ವು, ಹೇನು ಬಿಡೋ ಸಿಹಿ ದ್ರವಕ್ಕೆ. ಅದೇ ಹೇನನ್ನ ತಿನ್ನೋಕೆ ಬಂದಿರೋ ಗುಲಗಂಜಿ ಹುಳ ಎರಡು. ಕೆಳಗಿನ ಎಲೆ ತಿರುಗಿಸಿದ್ರೆ ಪ್ಲೈನ್ ಟೈಗರ್ ಚಿಟ್ಟೆ ಮರಿಹುಳ, ಮೈ ತುಂಬಾ ಕಪ್ಪು ಬಿಳಿ ಪಟ್ಟೆ, ಮಧ್ಯ ಮಧ್ಯ ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು. ಪುಟ್ಟ ಫೋನಿಗೆ ಕ್ಲಿಪ್ ಲೆನ್ಸ್ ಹಾಕ್ಕೊಂಡು ನೋಡ್ತಾ, "ಚಿಕ್ಕಮ್ಮಾ ಇದು ಎಲೆ ತಿಂತಿಲ್ಲ, ಎಲೆ ನರ ಕಡೀತಾ ಇದೆ" ಅಂದ. ಹೌದು, ನಡುನರ ಕಚ್ಚಿ ಗಾಯ ಮಾಡಿತ್ತು, ಅಲ್ಲಿಂದ ಹಾಲು ತೊಟ್ಟಿಕ್ತಿತ್ತು. ಆ ನರ ಕಡಿದ್ರೆ ಮುಂದಿನ ಭಾಗಕ್ಕೆ ಹಾಲು ಹೋಗೋದು ನಿಲ್ಲತ್ತೆ, ಇಲ್ಲಾಂದ್ರೆ ಅಂಟು ಹಾಲು ಬಾಯಿಗೆ ಮೆತ್ಕೊಂಡು ಹುಳಾನೇ ಒದ್ದಾಡ್ಬೇಕಾಗತ್ತೆ. ಹಾಲೆಲ್ಲಾ ಇಳಿದ್ಮೇಲೆ ತುದಿಯಿಂದ ನಿಧಾನಕ್ಕೆ ತಿನ್ನೋಕೆ ಶುರು ಮಾಡ್ತು. ಗಿಡದ ವಿಷದ ಸ್ವಲ್ಪ ಭಾಗ ಅದರ ಮೈಯಲ್ಲೂ ಉಳ್ಕೊಳ್ಳತ್ತೆ, ಅದಕ್ಕೇ ಚಿಟ್ಟೆ ಆದ್ಮೇಲೂ ಹಕ್ಕಿಗಳು ಅದರ ತಂಟೆಗೆ ಹೋಗೋದು ಕಮ್ಮಿ, ಅದೂ ಅಷ್ಟು ನಿಧಾನಕ್ಕೆ, ಯಾರ ಭಯನೂ ಇಲ್ಲದಂಗೆ ಹಾರತ್ತೆ.

ಇನ್ನೊಂದು ಕೊಂಬೇಲಿ ಎಕ್ಕದ ಮಿಡತೆ ಮರಿ, ತಿಳಿ ಹಸಿರು ಹಳದಿ ಮೈಗೆ ಸಣ್ಣ ಸಣ್ಣ ಕಪ್ಪು ಕೆಂಪು ಚುಕ್ಕೆ. ದೊಡ್ಡದಾದ್ಮೇಲೆ ಇದೇ ನೀಲಿ ಹಳದಿ ಪಟ್ಟೆ ಬಳ್ಕೊಂಡು ಆಟದ ಸಾಮಾನಿನ ಥರ ಆಗತ್ತೆ. ಮುಟ್ಬೇಡ ಅಂದ್ರೂ ಪುಟ್ಟ ಬೆರಳು ತಾಗಿಸ್ದ, ಅದು ಚಿರ್ ಅಂತ ದ್ರವ ಹಾರಿಸ್ತು, ಅವನ ಕೈ ಮೇಲೆ ಬಿತ್ತು. ತಕ್ಷಣ ಬಾಟ್ಲಿ ನೀರಲ್ಲಿ ಕೈ ತೊಳೆಸಿ ಕಣ್ಣಿಗೆ ಮುಟ್ಕೋಬೇಡ ಅಂತ ಹೇಳಿದೆ. ಎಕ್ಕದ ಹಾಲೇ ಆಗ್ಲಿ ಇದೇ ಆಗ್ಲಿ ಕಣ್ಣಿಗೆ ಬಿದ್ರೆ ಸುಮ್ನೆ ಬಿಡಲ್ಲ, ಮಕ್ಕಳ ಜೊತೆ ಹೋಗೋರು ಇದೊಂದು ನೆನಪಿಟ್ಕೊಳ್ಳಿ.

ವಾಪಸ್ ಬರ್ತಾ ಮಾವ ತೋಟ ತೋರ್ಸಿದ್ರು. ತೋರ್ಸಿದ್ರು ಅನ್ನೋದಕ್ಕಿಂತ ಅವರ ಸಂಕಟ ಹೇಳ್ಕೊಂಡ್ರು. ತೆಂಗಿನ ಕೆಳಗಿನ ಗರಿಗಳೆಲ್ಲಾ ಬೆಂಕಿ ತಾಗಿದಂಗೆ ಬೆಂದು ಹೋಗಿತ್ತು. ಕಪ್ಪುತಲೆ ಹುಳ. ಗರಿ ಒಂದನ್ನ ಕುಡ್ಲಲ್ಲಿ ಎಳೆದು ತಿರುಗಿಸಿದ್ರೆ ಹಿಂಬದಿ ಉದ್ದಕ್ಕೂ ನೂಲು, ಹಿಕ್ಕೆ ಸೇರ್ಸಿ ಸುರಂಗ ಕಟ್ಕೊಂಡಿದ್ವು, ಒಳಗೆ ಕೂತು ಹಸಿರನ್ನೆಲ್ಲಾ ಕೆರೆದು ತಿಂದಿದ್ವು. ಒಣ ಹವೆಯಲ್ಲಿ ಇದು ಜಾಸ್ತಿ, ಮರಕ್ಕೆ ನೀರಿಲ್ಲದೆ ಮೊದಲೇ ಸೊರಗಿರತ್ತೆ, ಮೇಲೆ ಇದು. ಮಾವನ ಒಂದು ಬೋರ್‌ವೆಲ್ ಜನವರಿಗೇ ನಿಂತು ಹೋಗಿದೆ. "ಹುಳ ನೋಡೋಕ್ ಬಂದ್ಯಲ್ಲಮ್ಮಾ, ಇವನ್ನೂ ನೋಡ್ಕೊ" ಅಂದ್ರು. ಅವರ ದನಿಯಲ್ಲಿ ಸಿಟ್ಟಿರ್ಲಿಲ್ಲ, ಆದ್ರೂ ನಂಗೆ ಒಂದು ನಿಮಿಷ ಮಾತೇ ಬರ್ಲಿಲ್ಲ.

ಅದೇ ಗರಿಯ ಒಂದು ಸುರಂಗ ಬಿಡಿಸಿದಾಗ ಒಳಗಿದ್ದ ಹುಳ ಸತ್ತಂಗೆ ಬಿದ್ದಿತ್ತು, ಅದರ ಮೈಗೆ ಅಂಟ್ಕೊಂಡು ಸಣ್ಣ ಸಣ್ಣ ಮರಿಗಳು. ಮಾವ ಹತ್ರ ಬಂದು ನೋಡಿ, "ಇದು ಗೋನಿಯೋಜಸ್ದು, ಹೋದ್ ತಿಂಗಳು ಬಿಡ್ಸಿದ್ದೆ" ಅಂದ್ರು, ಮುಖ ಸ್ವಲ್ಪ ಅರಳ್ತು. ಗೋನಿಯೋಜಸ್ ಅಂದ್ರೆ ಇರುವೆ ಥರದ ಪುಟಾಣಿ ಕಣಜ, ಕಪ್ಪುತಲೆ ಹುಳನ ಕುಟುಕಿ ನಿಶ್ಚಲ ಮಾಡಿ ಅದರ ಮೈ ಮೇಲೇ ಮೊಟ್ಟೆ ಇಡತ್ತೆ, ಮರಿಗಳು ಹುಳನ ತಿಂದು ಬೆಳೀತವೆ. ಲ್ಯಾಬಲ್ಲಿ ಸಾಕಿ ಸೀಸೇಲಿ ತುಂಬಿ ರೈತ್ರಿಗೆ ಕೊಡ್ತಾರೆ. ಮರಕ್ಕೆ ವಿಷ ಹಾಕೋದಕ್ಕಿಂತ ಇದು ಎಷ್ಟೋ ವಾಸಿ, ಆದ್ರೆ ಅಕ್ಕಪಕ್ಕದ ತೋಟದೋರೂ ಒಟ್ಟಿಗೆ ಬಿಟ್ರೆ ಮಾತ್ರ ಕೆಲ್ಸ ಮಾಡತ್ತೆ, ಒಬ್ರೇ ಬಿಟ್ರೆ ಪಕ್ಕದ ತೋಟದಿಂದ ಕಪ್ಪುತಲೆ ಹುಳದ ಪತಂಗ ಮತ್ತೆ ಬಂದು ಮೊಟ್ಟೆ ಇಡತ್ತೆ ಅಂತ ಮಾವ ಹೇಳಿದ್ರು. ಪಕ್ಕದ ತೋಟ ಮಾರಾಟಕ್ಕಿದೆ, ನೋಡ್ಕೊಳ್ಳೋರು ಯಾರೂ ಇಲ್ಲ.

ಶನಿವಾರ, ಮಾರ್ಚ್ 30

ಬೆಳಗ್ಗೆ ಆರೂವರೆಗೆ ಮಾವನ ಟಿವಿಎಸ್ ಗಾಡೀಲಿ ಮೂರೂ ಜನ ನಾಮದ ಚಿಲುಮೆಗೆ. ಇನ್ನೂ ಬೇಗ ಹೋಗೋಣ ಅಂದ್ರೆ ಮಾವ ಒಪ್ಲಿಲ್ಲ, ಈ ಕಡೆ ಚಿರತೆ, ಕರಡಿ ಎರಡೂ ಇದಾವೆ, ಬೆಳಕು ಪೂರ್ತಿ ಹರೀದೆ ಹೊರಡೋದು ಬೇಡ ಅಂದ್ರು. ಕಾಡೊಳಗೆ ಪರ್ಮಿಷನ್ ಇಲ್ದೆ ಹೋಗೋಂಗಿಲ್ಲ, ನಾವು ನಡೆದಿದ್ದೆಲ್ಲಾ ರಸ್ತೆ ಪಕ್ಕ, ಚಿಲುಮೆ ಸುತ್ತಮುತ್ತ ಅಷ್ಟೇ. ಹುಳ ನೋಡೋಕೆ ಅದಕ್ಕಿಂತ ಜಾಸ್ತಿ ಬೇಕಾಗೂ ಇಲ್ಲ.

ಚಿಲುಮೆ ಕಥೆ ಗೊತ್ತಿರೋದೇ, ವನವಾಸದಲ್ಲಿ ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರು ಸಿಗ್ದೆ ಬಂಡೆಗೆ ಬಾಣ ಬಿಟ್ನಂತೆ, ನೀರು ಚಿಮ್ತಂತೆ. ಇಷ್ಟು ಬರದಲ್ಲೂ ಬಂಡೆ ಕುಳಿಯಲ್ಲಿ ನೀರಿತ್ತು. ಪುಟ್ಟ ಕೈ ಇಟ್ಟು ನೋಡ್ದ, ತಣ್ಣಗಿದೆ ಅಂದ. ಆದ್ರೆ ನಂಗೆ ಬೇಕಾಗಿದ್ದು ಚಿಲುಮೆ ಅಲ್ಲ, ಅಲ್ಲಿಂದ ಸ್ವಲ್ಪ ದೂರದಲ್ಲಿ ಕೈ ತೊಳೆಯೋ ನಲ್ಲಿ. ವಾಷರ್ ಹೋಗಿ ಒಂದೊಂದೇ ಹನಿ ತೊಟ್ಟಿಕ್ತಿತ್ತು, ಕೆಳಗೆ ಒಂದು ಮೊರದಷ್ಟು ಅಗಲ ಮಣ್ಣು ಒದ್ದೆ ಆಗಿತ್ತು. ಇಡೀ ಕಾಡಿನ ಹುಳಗಳು ಅಲ್ಲಿಗೇ ಬಂದಿದ್ವು ಅನ್ನಿಸ್ತು.

ಎಂಟು ಗಂಟೆಗೆ ಬಿಸಿಲು ಬಿದ್ಮೇಲೆ ಚಿಟ್ಟೆಗಳು ಇಳಿಯೋಕೆ ಶುರು ಆಯ್ತು. ಮೊದಲು ಕಾಮನ್ ಎಮಿಗ್ರೆಂಟ್, ತಿಳಿ ಹಸಿರು ಬಿಳಿ ಬಣ್ಣದ್ದು, ಒಂದು ಕೂತಿದ್ದೇ ತಡ ಪಕ್ಕಕ್ಕೆ ಇನ್ನೊಂದು, ಮತ್ತೊಂದು, ರೆಕ್ಕೆ ಮಡಚಿ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕೂತ್ವು. ಹನ್ನೊಂದು ಎಣಿಸಿದ್ವಿ. ಮಧ್ಯ ಒಂದು ನಿಂಬೆ ಚಿಟ್ಟೆ, ರೆಕ್ಕೆ ಪಟಪಟ ಅಂತ ಬಡೀತಾನೇ ಕುಡೀತಿತ್ತು, ಬದಿಗೆ ಉಗುರಷ್ಟು ದೊಡ್ಡ ನೀಲಿ ಚಿಟ್ಟೆಗಳು. ಇವು ನೀರಿಗಿಂತ ಹೆಚ್ಚಾಗಿ ಉಪ್ಪಿಗೆ ಬರ್ತವೆ. ಹೂವಿನ ಮಕರಂದದಲ್ಲಿ ಸಕ್ಕರೆ ಇರತ್ತೆ, ಸೋಡಿಯಂ ತೀರಾ ಕಮ್ಮಿ, ಅದಕ್ಕೆ ಒದ್ದೆ ಮಣ್ಣು ಹೀರ್ತವೆ. ಬರೋದು ಹೆಚ್ಚಾಗಿ ಗಂಡು ಚಿಟ್ಟೆಗಳೇ, ಕೂಡುವಾಗ ಆ ಉಪ್ಪಿನ ಪಾಲು ಹೆಣ್ಣಿಗೆ ಹೋಗತ್ತೆ, ಅಲ್ಲಿಂದ ಮೊಟ್ಟೆಗೆ. ಲೆನ್ಸಲ್ಲಿ ಸರಿಯಾಗಿ ನೋಡಿದ್ರೆ ಒಂದು ಕಡೆ ನಾಲಗೆ ಮಣ್ಣಲ್ಲಿ, ಇನ್ನೊಂದು ಕಡೆ ಹಿಂದಿನಿಂದ ಸಣ್ಣ ಸಣ್ಣ ನೀರಿನ ಹನಿ ಹೊರಗೆ ಬೀಳ್ತಿತ್ತು, ನೀರು ಬಿಟ್ಟು ಉಪ್ಪು ಮಾತ್ರ ಇಟ್ಕೊಳ್ತವೆ. ಪುಟ್ಟ ಇದನ್ನ ಎಂಟತ್ತು ಸಲ ನೋಡಿದ, ಪ್ರತಿ ಸಲನೂ ಅಷ್ಟೇ ಜೋರಾಗಿ ಕಿರುಚಿದ.

ನಲ್ಲಿ ಬಾಯಿಗೇ ತುಡುವೆ ಜೇನು ಸಾಲು ಹಚ್ಚಿದ್ವು. ಸೆಕೆಗಾಲದಲ್ಲಿ ಜೇನು ನೀರು ತಗೊಂಡು ಹೋಗಿ ಗೂಡೊಳಗೆ ತೆಳ್ಳಗೆ ಹರಡಿ ರೆಕ್ಕೆ ಬೀಸ್ತವೆ, ನೀರು ಆರ್ತಾ ಆರ್ತಾ ಗೂಡು ತಂಪಾಗತ್ತೆ. ನಮ್ಮನೆ ಕೂಲರ್ ಲೆಕ್ಕಾನೇ. ಅವುಗಳ ಪಕ್ಕ ಸಣ್ಣ ಸೊಂಟದ ಕಣಜ ಒಂದು ಬಂತು, ಕಪ್ಪು ಮೈ, ಹಳದಿ ಪಟ್ಟಿ. ಇದು ಮಡಕೆ ಕಟ್ಟೋ ಕಣಜ. ಅದು ಒದ್ದೆ ಮಣ್ಣು ಮುಟ್ಟಲೇ ಇಲ್ಲ, ಹೊಟ್ಟೆ ತುಂಬಾ ನೀರು ಕುಡಿದು ಎದ್ದು ಹೋಯ್ತು. ನಾವು ಕಣ್ಣು ಬಿಡ್ದೆ ಹಿಂದೆ ಹೋದ್ವಿ, ಇಪ್ಪತ್ತು ಹೆಜ್ಜೆ ಆಚೆ ಒಣ ಮಣ್ಣಿನ ದಿಬ್ಬದ ಮೇಲೆ ಇಳೀತು. ಅಲ್ಲಿ ಬಾಯಿಂದ ನೀರು ಬಿಟ್ಟು ಮಣ್ಣು ನೆನೆಸಿ, ಮುಂಗಾಲಲ್ಲಿ ಉರುಳಿಸಿ ಉರುಳಿಸಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಹೊತ್ಕೊಂಡು ಹೋಯ್ತು. ತಾನೇ ನೀರು ತಂದು ತಾನೇ ಮಣ್ಣು ಕಲಸ್ಕೊಳ್ಳತ್ತೆ. ಮಡಕೆ ಸಿಕ್ಕಿದ್ದು ಹತ್ರದ ಗೋಡೆ ಮೂಲೇಲಿ, ಅರ್ಧ ಕಟ್ಟಿತ್ತು, ಬಾಯಿ ಅಂಚು ಹೊರಗೆ ಮಡಚಿ ಥೇಟ್ ಕುಂಬಾರ ಮಾಡ್ದಂಗೆ. ಪಕ್ಕದಲ್ಲಿ ಮುಗಿದು ಬಾಯಿ ಮುಚ್ಚಿದ ಇನ್ನೆರಡು. ಒಳಗೆ ಒಂದು ಮೊಟ್ಟೆ ದಾರದಲ್ಲಿ ನೇತು ಹಾಕಿರತ್ತೆ, ಮರಿಗೆ ಬುತ್ತಿ ಅಂತ ಕುಟುಕಿ ಜಡ ಮಾಡಿದ ಹಸಿರು ಹುಳಗಳನ್ನ ತುಂಬಿರತ್ತೆ. ಮಾವನಿಗೆ ಇದು ಗೊತ್ತಿತ್ತು. "ನಮ್ ಹಳೇ ಮನೆ ಕಿಟಕಿ ತುಂಬಾ ಇದ್ವು, ನಮ್ಮಮ್ಮ ಕೆಡವೋಕ್ ಬಿಡ್ತಿರ್ಲಿಲ್ಲ, ಬಾಣಂತಿ ಮನೆ ಕಣೋ ಅಂತಿದ್ಲು" ಅಂದ್ರು. ನಮ್ಮಜ್ಜಿ ಹಂಗೆ ಹೇಳ್ತಿದ್ದಿದ್ದು ನಂಗೆ ಇವತ್ತೇ ಗೊತ್ತಾಗಿದ್ದು.

ಒಂದು ಬೇಜಾರಿನ ವಿಷಯ. ಚಿಲುಮೆ ಹತ್ರ ಬಂದಿದ್ದ ಒಂದು ಗುಂಪು ಆ ನಲ್ಲಿ ಕೆಳಗಿನ ಒದ್ದೆ ಜಾಗಕ್ಕೇ ತಟ್ಟೆ ತೊಳೆದು ಸೋಪಿನ ನೀರು ಬಿಟ್ರು. ಚಿಟ್ಟೆ ಎಲ್ಲಾ ಎದ್ದು ಹೋದ್ವು. ನಾನು ಹೋಗಿ ಕೇಳಿದೆ, ಆಚೆ ಕಡೆ ತೊಳೀರಿ ಅಂತ, ಪಾಪ ಅವ್ರಿಗೆ ಗೊತ್ತೇ ಇರ್ಲಿಲ್ಲ, ತಕ್ಷಣ ಆಚೆ ಹೋದ್ರು. ಮಾವ ಬಾಟ್ಲಿ ನೀರು ಸುರಿದು ಜಾಗ ತೊಳೆದ್ರು. ಅರ್ಧ ಗಂಟೆ ಆದ್ಮೇಲೆ ಎಮಿಗ್ರೆಂಟ್ ನಾಲ್ಕು ವಾಪಸ್ ಬಂದ್ವು.

ಆಮೇಲೆ ರಸ್ತೆ ಬದಿ ನಡಿಗೆ. ಎಲೆ ಉದುರಿರೋ ಕಾಡಲ್ಲಿ ಒಂದು ಅನುಕೂಲ ಇದೆ, ಮಳೆಗಾಲದಲ್ಲಿ ಹಸಿರು ಕಣ್ಣಿಗೆ ಅಡ್ಡ ಬರತ್ತೆ, ಈಗ ಕಾಂಡ, ಕೊಂಬೆ, ನೆಲ ಎಲ್ಲಾ ಬಿಚ್ಚಿಟ್ಟಂಗೆ ಕಾಣತ್ತೆ. ಜಾಲಿ ಕೊಂಬೇಲಿ ಸಣ್ಣ ಕಡ್ಡಿಗಳನ್ನ ಒತ್ತೊತ್ತಾಗಿ ಕಟ್ಟಿದ ಬೆರಳುದ್ದದ ಸೌದೆ ಹೊರೆ ನೇತಾಡ್ತಿತ್ತು. ಪುಟ್ಟ ಹಕ್ಕಿ ಗೂಡಾ ಅಂದ. ಅಲ್ಲ, ಒಳಗೆ ಹುಳ ಇದೆ, ಪತಂಗದ ಮರಿ, ಎಲ್ಲಿ ಹೋದ್ರೂ ಮನೆ ಹೊತ್ಕೊಂಡೇ ಹೋಗತ್ತೆ, ತಲೆ ಮಾತ್ರ ಹೊರಗೆ. ಗಂಡು ರೆಕ್ಕೆ ಬಂದು ಹಾರಿ ಹೋಗತ್ತೆ, ಹೆಣ್ಣಿಗೆ ರೆಕ್ಕೆನೇ ಬರಲ್ಲ, ಅದೇ ಹೊರೆಯೊಳಗೇ ಮೊಟ್ಟೆ ಇಟ್ಟು ಅಲ್ಲೇ ಮುಗಿಯತ್ತೆ.

ತೂಪ್ರದ ಗಿಡದ ಹತ್ರ ರಸ್ತೆ ಮೇಲೇ ಬ್ಯಾರನೆಟ್ ಚಿಟ್ಟೆ ಕೂತಿತ್ತು, ಇಟ್ಟಿಗೆ ಕೆಂಪು, ಕಪ್ಪು ಅಂಚು. ಇದು ಒಣ ಕಾಡಿನದೇ ಚಿಟ್ಟೆ, ಮರಿ ಬೆಳೆಯೋದು ತೂಪ್ರದ ಎಲೇಲಿ. ನಾವು ಹತ್ರ ಹೋದ್ರೆ ಹತ್ತು ಅಡಿ ಹಾರಿ ಮತ್ತೆ ನೆಲದ ಮೇಲೇ ಕೂರೋದು, ಹಿಂಗೇ ಕಾಲು ಕಿಲೋಮೀಟರ್ ನಮ್ಮನ್ನ ಕರ್ಕೊಂಡು ಹೋಯ್ತು.

ಆದ್ರೆ ಇವತ್ತಿನ ದಿನ ನಂಗೆ ಅಂತ ಇದ್ದಿದ್ದು ಬೇರೆ. ಒಂದು ಮರದ ನೆರಳಲ್ಲಿ ನೀರು ಕುಡಿಯೋಕೆ ನಿಂತಾಗ ಕಾಲ ಹತ್ರ ಒಂದು ತರಗೆಲೆ ಎದ್ದು ಎರಡು ಅಡಿ ಹಾರಿ ಮತ್ತೆ ಬಿತ್ತು. ಗಾಳಿ ಇರ್ಲಿಲ್ಲ. ಬಿದ್ದ ಜಾಗ ನೋಡ್ತಾನೇ ಇದೀನಿ, ಏನೂ ಕಾಣ್ತಿಲ್ಲ, ಬರೀ ಎಲೆ. ಮೊಣಕಾಲೂರಿ ಕೂತು ಒಂದೊಂದೇ ಎಲೆ ಕಣ್ಣಲ್ಲೇ ಎಣಿಸ್ತಾ ಹೋದೆ, ಐದಾರು ನಿಮಿಷ ಆದ್ಮೇಲೆ ಒಂದು ಎಲೆಗೆ ಕಾಲು ಕಾಣ್ತು. ಈವ್ನಿಂಗ್ ಬ್ರೌನ್. ಮಳೆಗಾಲದಲ್ಲಿ ಇದೇ ಚಿಟ್ಟೆ ರೆಕ್ಕೆ ಹಿಂಬದಿಗೆ ಸಾಲಾಗಿ ಕಣ್ಣಿನ ಗುರುತು ಇರತ್ತೆ, ಬಿಳಿ ಚುಕ್ಕೆ ಸುತ್ತ ಕಪ್ಪು, ಅದರ ಸುತ್ತ ಹಳದಿ. ಒಣಗಾಲದಲ್ಲಿ ಹುಟ್ಟಿದ್ದಕ್ಕೆ ಆ ಕಣ್ಣುಗಳು ಬರೀ ಸೂಜಿ ಚುಕ್ಕೆ ಆಗಿರತ್ತೆ, ರೆಕ್ಕೆ ಪೂರ್ತಿ ಒಣ ಎಲೆ, ನಡುನರ ಎಳೆದಂಗೆ ಒಂದು ಗೆರೆ, ತುದಿ ಎಲೆ ತೊಟ್ಟಿನಂಗೆ ಚೂಪು. ಎರಡು ಒಂದೇ ಜಾತಿ ಅಂತ ಗೊತ್ತಿಲ್ದೋರು ನಂಬಲ್ಲ. ಮರಿ ಆಗಿದ್ದಾಗಿನ ಹವೆ ನೋಡ್ಕೊಂಡೇ ಮುಂದೆ ಯಾವ ಅಂಗಿ ಅಂತ ತೀರ್ಮಾನ ಆಗಿ ಹೋಗಿರತ್ತೆ. ಅಲ್ಲಿ ಹುಡುಕ್ತಾ ಹೋದ್ರೆ ಇನ್ನೂ ಮೂರು ಸಿಕ್ಕಿದ್ವು, ಒಂದು ಕೆಂಪು ಕಂದು, ಒಂದು ಬೂದು, ಒಂದಕ್ಕೆ ಬೂಷ್ಟು ಹಿಡಿದಂಗೆ ಮಚ್ಚೆ. ಒಂದರಂಗೆ ಇನ್ನೊಂದಿಲ್ಲ, ಬಿದ್ದ ಎಲೆಗಳೂ ಹಂಗೇ ತಾನೇ. ಮಾವ ಬೀಡಿ ಜೇಬಿಂದ ತೆಗೆದೋರು ಹಂಗೇ ವಾಪಸ್ ಇಟ್ಕೊಂಡು ಬಗ್ಗಿ ನೋಡಿ, "ಅಲ್ಲಾ ಕಣಮ್ಮಾ, ಐವತ್ತು ವರ್ಷದಿಂದ ಇದೇ ದಾರೀಲಿ ದನ ಹೊಡ್ಕೊಂಡ್ ಓಡಾಡಿದೀನಿ, ಇದನ್ನ ತುಳ್ಕೊಂಡೇ ಹೋಗಿದೀನೇನೋ" ಅಂದ್ರು.

ಬೀಡಿ ವಾಪಸ್ ಇಟ್ಟಿದ್ದಕ್ಕೂ ಕಾರಣ ಇದೆ, ಸ್ವಲ್ಪ ಮುಂದೆ ಗುಡ್ಡದ ಒಂದು ಮಗ್ಗುಲು ಪೂರ್ತಿ ಸುಟ್ಟು ಕರಿ ಆಗಿತ್ತು. ಅಲ್ಲಿ ಇಂಥ ಚಿಟ್ಟೆ ಎಷ್ಟಿದ್ವೋ. ಎಲೆ ಥರ ಕಾಣೋದು ಹಕ್ಕಿ ಕಣ್ಣಿಂದ ಉಳಿಸತ್ತೆ, ಬೆಂಕಿ ಕಡ್ಡಿಯಿಂದ ಅಲ್ಲ. ಈ ತಿಂಗಳಲ್ಲಿ ಕಾಡು ರಸ್ತೇಲಿ ಹೋಗೋರು ಗಾಡಿಯಿಂದ ಉರಿಯೋ ಬೀಡಿ ಸಿಗರೇಟು ದಯವಿಟ್ಟು ಎಸೀಬೇಡಿ.

ರಾತ್ರಿ ಅಂಗಳದಲ್ಲಿ ಹಗ್ಗ ಕಟ್ಟಿ ಮಾವನ ಬಿಳೀ ಪಂಚೆ ಹರಡಿ ಮುಂದೆ ಬಲ್ಬ್ ಇಟ್ವಿ. ಹುಣ್ಣಿಮೆ ಕಳೆದು ಐದು ದಿನ, ಚಂದ್ರ ಏಳೋದು ತಡ, ಅದಕ್ಕೇ ಕತ್ಲೆ ಚೆನ್ನಾಗಿತ್ತು. ಮಳೆಗಾಲದಲ್ಲಾದ್ರೆ ಹತ್ತು ನಿಮಿಷಕ್ಕೆ ಪಂಚೆ ಕಾಣದಷ್ಟು ಹುಳ, ಇವತ್ತು ಒಂದೂವರೆ ಗಂಟೇಲಿ ಇಪ್ಪತ್ತೋ ಮೂವತ್ತೋ. ಸಣ್ಣ ಸಣ್ಣ ಪತಂಗ, ಉದ್ದ ಮೀಸೆಯ ಜೀರುಂಡೆ ಒಂದು, ರೆಕ್ಕೆ ಇರುವೆಗಳು. ಒಂಬತ್ತು ಗಂಟೆ ಹೊತ್ತಿಗೆ ಏರೋಪ್ಲೇನ್ ಚಿಟ್ಟೆ ಥರ ಒಂದು ಬಂದು ಕೂತಿತು, ಆದ್ರೆ ಹಾರಾಟ ಸೋತೋರ ಥರ, ತಲೆ ಮೇಲೆ ತುದಿ ದಪ್ಪ ಇರೋ ಎರಡು ಮೀಸೆ, ರೆಕ್ಕೆ ಮನೆ ಸೂರಿನಂಗೆ ಮೈ ಮೇಲೆ ಇಳಿಬಿಟ್ಟಿತ್ತು. ಏರೋಪ್ಲೇನ್ ಚಿಟ್ಟೆಗೆ ಮೀಸೆ ಕಾಣದಷ್ಟು ಸಣ್ಣ, ಅದು ರೆಕ್ಕೆ ಹಿಂಗೆ ಮಡಚೋದೂ ಇಲ್ಲ. ಇದು ಇರುವೆ ಸಿಂಹ. "ಇದರ ಮರಿ ನಾಳೆ ತೋರಿಸ್ತೀನಿ, ಎಲ್ಲಿದೆ ಅಂತ ನೋಡಿಟ್ಟಿದೀನಿ" ಅಂದೆ ಪುಟ್ಟನಿಗೆ. ಅವನು ರಾತ್ರಿಯೆಲ್ಲಾ ಅದನ್ನೇ ಕೇಳ್ತಾ ಮಲಗ್ದ.

ಭಾನುವಾರ, ಮಾರ್ಚ್ 31

ಎದ್ದ ತಕ್ಷಣ ಕೊಟ್ಟಿಗೆ ಸೂರಿನ ಕೆಳಗೆ. ಅಲ್ಲಿ ಮಳೆ ಬೀಳಲ್ಲ, ಮಣ್ಣು ಗೋಧಿ ಹಿಟ್ಟಿನಷ್ಟು ನುಣ್ಣಗೆ. ಅದರ ತುಂಬಾ ಆಲಿಕೆ ಇಟ್ಟು ತೆಗೆದಂಗೆ ಸಣ್ಣ ಸಣ್ಣ ಗುಳಿ, ಮೂವತ್ತೆಂಟು ಇದ್ವು. ನಾನು ಚಿಕ್ಕೋಳಿದ್ದಾಗ ಬೇಸಿಗೆ ರಜೆ ಪೂರ್ತಿ ಇದೇ ಜಾಗದಲ್ಲಿ ಕೂತಿರ್ತಿದ್ದೆ. ಹುಲ್ಲು ಕಡ್ಡಿಯಿಂದ ಗುಳಿ ಅಂಚು ಸ್ವಲ್ಪ ಕೆರೆದ್ರೆ ಮಣ್ಣು ಜಾರಿ ತಳಕ್ಕೆ ಬೀಳತ್ತೆ, ತಳದಿಂದ ಇರುವೆ ಸಿಂಹದ ಮರಿ ತಲೆಯಿಂದ ಮಣ್ಣು ಎರಚತ್ತೆ, ಪಟ್ ಪಟ್ ಅಂತ. ನಿಜವಾದ ಇರುವೆ ಬಿದ್ರೂ ಇದೇ, ಮೇಲೆ ಹತ್ತೋಕೆ ಹೋದ್ರೆ ಮಣ್ಣೆರಚಿ ಕೆಡವತ್ತೆ, ಕೊಕ್ಕೆಯಂಥ ಎರಡು ದವಡೆಯಲ್ಲಿ ಹಿಡಿದು ರಸ ಹೀರಿ ಒಣ ಮೈ ಮೇಲಕ್ಕೆ ಎಸೆಯತ್ತೆ.

ನಾನು ಒಂದನ್ನ ಮಣ್ಣು ಸಮೇತ ಅಂಗೈ ಮೇಲೆ ತಗೊಂಡೆ. ಬೂದು ಬಣ್ಣ, ಹೊಟ್ಟೆ ದಪ್ಪ, ಮೈ ತುಂಬಾ ಬಿರುಸು ಕೂದ್ಲು. ಇಟ್ಟ ತಕ್ಷಣ ಹಿಂದಕ್ಕೆ ಹಿಂದಕ್ಕೆ ಹೋಗೋಕೆ ಶುರು ಮಾಡ್ತು, ಮುಂದಕ್ಕೆ ಹೋಗೋದು ಅದಕ್ಕೆ ಬರಲ್ಲ. ಪುಟ್ಟನ ಕೈಗಿಟ್ಟೆ, ಬೆರಳ ಸಂದೀಲಿ ಹಿಂದಕ್ಕೆ ತೂರ್ಕೊಂಡು ಅವನಿಗೆ ಕಚಗುಳಿ. "ಇದು ಕಕ್ಕ ಎಲ್ಲಿ ಮಾಡತ್ತೆ ಚಿಕ್ಕಮ್ಮಾ" ಅಂದ. ಎಂಥಾ ಸರಿಯಾದ ಪ್ರಶ್ನೆ. ಮರಿ ಇರೋವರೆಗೂ ಮಾಡೋದೇ ಇಲ್ಲ, ಜಾಗವೇ ಇಲ್ಲ ಅದಕ್ಕೆ. ತಿಂದಿದ್ದರ ಕಸ ಎಲ್ಲಾ ಒಳಗೇ ಇಟ್ಕೊಂಡು, ಮರಳು ನೂಲು ಸೇರ್ಸಿ ಗೋಲಿ ಥರ ಗೂಡು ಕಟ್ಟಿ, ರಾತ್ರಿ ಪಂಚೆ ಮೇಲೆ ಕೂತಿತ್ತಲ್ಲ ಆ ರೂಪಕ್ಕೆ ಬಂದ್ಮೇಲೇ ಬಿಡೋದು. ಈ ಹುಳಕ್ಕೆ ಒಣ ಮಣ್ಣೇ ಬೇಕು, ಒಂದು ಮಳೆ ಬಿದ್ದು ಹೆಪ್ಪುಗಟ್ಟಿದ್ರೆ ಗುಳಿ ತೋಡೋಕೆ ಆಗಲ್ಲ. ನಾವೆಲ್ಲಾ ಶಾಪ ಹಾಕೋ ಈ ಬೇಸಿಗೆ ಇದಕ್ಕೆ ಸುಗ್ಗಿ.

ಒಂಬತ್ತಕ್ಕೆ ದುರ್ಗದ ಬೆಟ್ಟ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ನಡುವೆ ಮೆಟ್ಟಿಲು, ಬಂಡೆ. ಬೆಟ್ಟ ಸುಮಾರು 1,200 ಮೀಟರ್ ಎತ್ತರ. ಶಿಂಷಾ, ಜಯಮಂಗಲಿ ಎರಡೂ ಹುಟ್ಟೋದು ಈ ಬೆಟ್ಟದ ಸೀಮೇಲೇ, ಒಂದು ಕಾವೇರಿಗೆ ಸೇರತ್ತೆ, ಇನ್ನೊಂದು ಪೆನ್ನಾರ್‌ಗೆ. ಈ ವರ್ಷ ಎರಡರದ್ದೂ ಹಾದಿ ಒಣಗಿತ್ತು.

ದಾರೀಲಿ ಮಾವ ಒಂದು ಹುತ್ತ ತೋರ್ಸಿದ್ರು, ಅರ್ಧಕ್ಕೆ ಅಗೆದು ಹಾಕಿತ್ತು, ಅಂಚಲ್ಲಿ ಉಗುರಿನ ಗೆರೆ. ಕರಡಿ ಕೆಲ್ಸ. ಗೆದ್ದಲು ಅದಕ್ಕೆ ಊಟ, ತೂತಿಗೆ ಮೂತಿ ಇಟ್ಟು ಉಫ್ ಅಂತ ಧೂಳು ಊದಿ ಆಮೇಲೆ ಹೀರ್ಕೊಳ್ಳತ್ತೆ. ಒಡೆದ ಜಾಗದಲ್ಲಿ ಗೆದ್ದಲುಗಳು ಆಗ್ಲೇ ಹೊಸ ಮಣ್ಣು ಮೆತ್ತಿದ್ವು, ಇಡೀ ಗುಡ್ಡ ಧೂಳಾಗಿರೋವಾಗ ಆ ಮಣ್ಣು ಮಾತ್ರ ಹಸಿ. ಒಳಗೆ ಅವು ಶಿಲೀಂಧ್ರದ ತೋಟ ಸಾಕ್ತವೆ, ಅದಕ್ಕೆ ತೇವ ಬೇಕೇ ಬೇಕು. ಮಳೆ ಬಿದ್ಮೇಲೆ ಹುತ್ತದ ಮೇಲೆ ಏಳೋ ಅಣಬೆ ಆ ತೋಟದ್ದೇ. ಅಣಬೆ ಅಂದ ತಕ್ಷಣ ಮಾವ ಸಾರಿನ ಕಥೆ ಶುರು ಮಾಡಿದ್ರು, ಬೆಟ್ಟದ ಅರ್ಧ ಹತ್ತೋವರೆಗೂ ಅದೇ.

ಒಂದು ಬೇವಿನ ಮರದಲ್ಲಿ ಹೂ ಬಂದಿತ್ತು, ಸಣ್ಣ ಜೇನಿನ ಗುಂಯ್ ಸದ್ದು ಕೆಳಗೆ ನಿಂತ್ರೂ ಕೇಳ್ತಿತ್ತು. ಅದರ ಕಾಂಡದ ಮೇಲೆ ತೊಗಟೆ ಚೂರು ಒಂದು ಸರಕ್ಕನೆ ಆಚೆ ಬದಿಗೆ ಹೋಯ್ತು. ತೊಗಟೆ ಬಣ್ಣದ ಸೂರ್ಯನ ಕುದುರೆ, ಮೈ ಚಪ್ಪಟೆ, ಮರಕ್ಕೆ ಅಂಟ್ಕೊಂಡಂಗೆ. ನಾವು ಬಲಕ್ಕೆ ಹೋದ್ರೆ ಅದು ಎಡಕ್ಕೆ, ಎಡಕ್ಕೆ ಬಂದ್ರೆ ಬಲಕ್ಕೆ. ಪುಟ್ಟನ್ನ ಒಂದು ಕಡೆ ನಿಲ್ಲಿಸಿ ನಾನು ಇನ್ನೊಂದು ಕಡೆಯಿಂದ ಬಂದೆ, ಆವಾಗ ನಿಂತ್ಕೊಂಡು ತಲೆ ತಿರುಗಿಸಿ ಇಬ್ರನ್ನೂ ನೋಡ್ತು.

ಮೇಲೆ ಬಂಡೆ ಕಾಯ್ದು ಕಾವಲಿ ಆಗಿತ್ತು. ಒಂದು ಬಂಡೆ ಕುಳೀಲಿ ಬೊಗಸೆಯಷ್ಟು ಹಸಿರು ನೀರು ಉಳಿದಿತ್ತು. ಪಕ್ಕ ಬಂಡೆ ನೋಡು ಅಂದೆ, ಪುಟ್ಟ ನೋಡ್ದ, ಏನಿಲ್ಲ ಅಂದ. ಕೈ ಚಾಚಿದಾಗ ಬಂಡೆಯದೇ ಒಂದು ಚೂರು ಎದ್ದು ಹಾರ್ತು. ಗ್ರಾನೈಟ್ ಗೋಸ್ಟ್ ಅನ್ನೋ ಏರೋಪ್ಲೇನ್ ಚಿಟ್ಟೆ. ಬೂದು ಮೈಗೆ ಕಪ್ಪು ಬಿಳಿ ಚುಕ್ಕೆ, ನಮ್ಮ ಬಯಲುಸೀಮೆ ಕಲ್ಲಿನದೇ ಬಣ್ಣ, ಕೂತಾಗ ರೆಕ್ಕೆ ಬಂಡೆಗೆ ಒತ್ತಿಕೊಂಡು ಕೂರತ್ತೆ. ಇದು ಮೊಟ್ಟೆ ಇಡೋದು ಇಂಥ ಕುಳಿ ನೀರಲ್ಲಿ, ಊರಲ್ಲಾದ್ರೆ ಸಿಮೆಂಟ್ ತೊಟ್ಟೀಲಿ. ನೀರೊಳಗೆ ಇಣುಕಿದ್ರೆ ತಳದ ಕೆಸರಲ್ಲಿ ಮರಿ ಎರಡು ಕಂಡ್ವು, ನೀರಿನ ಆಳ ನಾಲ್ಕು ಬೆರಳು ಕೂಡ ಇಲ್ಲ. ಅದು ಆರೋದ್ರೊಳಗೆ ಇವು ರೆಕ್ಕೆ ಕಟ್ಕೊಂಡು ಎದ್ದು ಹೋಗ್ಬೇಕು. ಪುಟ್ಟ ಏನೂ ಹೇಳ್ದೆ ತನ್ನ ಬಾಟ್ಲಿ ಮುಚ್ಚಳ ತೆಗೆದ. ನಾನು ತಡೀಬೇಕಿತ್ತೇನೋ, ನಮಗೇ ಕುಡಿಯೋಕೆ ಅಷ್ಟೇ ಇದ್ದಿದ್ದು, ತಡೀಲಿಲ್ಲ. ಅವನು ಬಂಡೆ ಅಂಚಿಂದ ನಿಧಾನಕ್ಕೆ, ಕೆಸರು ಏಳದಂಗೆ, ಪೂರ್ತಿ ಸುರಿದ. ಎಷ್ಟು ಸಾಕಾಯ್ತೋ. ಎತ್ತರದ ಬಂಡೆ ಸೂರಲ್ಲಿ ಹೆಜ್ಜೇನು ಹುಟ್ಟಿನ ಖಾಲಿ ಗುರುತು ಕಂಡ್ವು, ಕಪ್ಪು ಅರ್ಧ ಚಂದ್ರನ ಥರ, ಜೇನು ಬಿಟ್ಟು ಹೋಗಿದ್ವು.

ಮಧ್ಯಾಹ್ನ ಊಟ ಮಾಡಿ ಹೊರಟ್ವಿ. ಅತ್ತೆ ಹುಣಸೆ ಹಣ್ಣು, ಒಂದು ಸೇರು ರಾಗಿ ಹಿಟ್ಟು ಕಟ್ಟಿ ಕೊಟ್ರು. ಮಾವ ಬಸ್ ಸ್ಟಾಪಿಗೆ ಬಿಡೋಕೆ ಬಂದೋರು, "ಮುಂಗಾರಿಗೆ ಬಾರೋ ಪುಟ್ಟಾ, ಜೀರಂಗಿ ತೋರಿಸ್ತೀನಿ, ಬೆಂಕಿಪಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕ್ತಿದ್ವಿ ನಾವು, ಹಸಿರು ಬಂಗಾರ ಇದ್ದಂಗಿರ್ತವೆ" ಅಂದ್ರು. ಅವನು ಮಾತಾಡ್ಲಿಲ್ಲ. ನೋಡಿದ್ರೆ ಎಳನೀರು ಅಂಗಡಿ ಪಕ್ಕ ಸೀಳಿ ಬಿಸಾಕಿದ ಬುರುಡೆ ರಾಶಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಗಂಜಿಯ ಒದ್ದೆಗೆ ತುಡುವೆ, ನೊಣ, ಕಣಜ ಎಲ್ಲಾ ಬಂದಿದ್ವು, ಒಂದು ಬುರುಡೆ ಒಳಗೆ ಕಂದು ಚಿಟ್ಟೆ ನಾಲಗೆ ಚಾಚ್ಕೊಂಡು ಕೂತಿತ್ತು. ಬಸ್ ಬಂತು, ಕಂಡಕ್ಟರ್ ಬೇಗ ಹತ್ತಿ ಅಂದ್ರು, ಮಾವ ಕೈ ಹಿಡಿದು ಎಬ್ಬಿಸಿದ್ರು. ಕಿಟಕಿ ಪಕ್ಕ ಕೂತ್ಮೇಲೆ, "ಒಂಬತ್ತು ಬುರುಡೇಲಿ ಇದ್ವು ಚಿಕ್ಕಮ್ಮಾ, ಇನ್ನೂ ಎಣಿಸ್ತಾ ಇದ್ದೆ" ಅಂದ.